ಲಕ್ಷಣ ಕಾಣದಿದ್ದರೆ ಸೋಂಕು ಇಲ್ಲವೆ?

ಬೆಳಗಾವಿ ಜಿಲ್ಲೆಯ ಕೌಜಲಗಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಿಗೆ ಜನರ ಬಾಯಲ್ಲಿರುವ ಹೆಸರು ‘ಗುಪ್ತರೋಗ’. ನಾಚಿಕೆಯಿಂದ ರೋಗಿ ಮುಚ್ಚಿಡುತ್ತಾನೆ, ಆದ್ದರಿಂದ ಅದು ಗುಪ್ತ. ಆದರೆ ಎಷ್ಟೋ ಸಲ ರೋಗವೇ ತನ್ನನ್ನು ಮುಚ್ಚಿಟ್ಟುಕೊಳ್ಳುತ್ತದೆ. ಈ ಎರಡನೆಯ ಗುಟ್ಟು ಬಯಲಾಗಲು ಶತಮಾನಗಳೇ ಬೇಕಾದವು.

16ನೆಯ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ‘ಫಿರಂಗ ರೋಗ’ವನ್ನು ವರ್ಣಿಸಿದ್ದಾನೆ. ಪರಂಗಿಯವರೊಂದಿಗೆ ಬಂದ ಈ ರೋಗವೇ ಸಿಫಿಲಿಸ್. ಆಗ ರೋಗವನ್ನು ಗುರುತಿಸಲು ಇದ್ದ ಸಾಧನ ಕಣ್ಣೊಂದೇ. ಕಣ್ಣು ಮೋಸಹೋಗುವುದೂ ಉಂಟು. 1767ರಲ್ಲಿ ಇಂಗ್ಲೆಂಡಿನ ಜಾನ್ ಹಂಟರ್ ಗೊನೋರಿಯ ರೋಗಿಯ ಕೀವನ್ನು ಚುಚ್ಚಿ ಪ್ರಯೋಗ ನಡೆಸಿದ. ಸಿಫಿಲಿಸ್‌ನ ಹುಣ್ಣೂ ಕಾಣಿಸಿಕೊಂಡಿತು. ಎರಡೂ ಒಂದೇ ರೋಗವೆಂದು ಆತ ತೀರ್ಮಾನಿಸಿದ. ಆ ರೋಗಿಗೆ ಎರಡೂ ಸೋಂಕುಗಳಿದ್ದಿರಬೇಕು! ಈ ತಪ್ಪನ್ನು ಫ್ರಾನ್ಸಿನ ರಿಕಾರ್ಡ್ 1838ರಲ್ಲಿ ತಿದ್ದಿದ. ಗೊನೋರಿಯದ ಬ್ಯಾಕ್ಟೀರಿಯ 1879ರಲ್ಲಿ, ಸಿಫಿಲಿಸ್‌ನದು 1905ರಲ್ಲಿ ಪತ್ತೆಯಾದವು. 1906ರ ವಾಸರ್‌ಮನ್ ರಕ್ತಪರೀಕ್ಷೆಯಿಂದ, ಹುಣ್ಣು ಕಾಣದಿದ್ದರೂ ಸಿಫಿಲಿಸ್ ಅನ್ನು ಗುರುತಿಸುವುದು ಸಾಧ್ಯವಾಯಿತು.

ಅಷ್ಟರಲ್ಲಿ ಸರ್ಕಾರ ಬೇರೊಂದು ದಾರಿ ಹಿಡಿದಿತ್ತು. ಸೈನಿಕರನ್ನು ಕಾಪಾಡಲೆಂದು ಬ್ರಿಟಿಷ್ ಭಾರತದಲ್ಲಿ 1868ರಲ್ಲಿ ಕಾಯ್ದೆಯೊಂದು ಬಂದಿತು. ವೇಶ್ಯೆಯರನ್ನು ನೋಂದಾಯಿಸಿ, ಬಲವಂತವಾಗಿ ತಪಾಸಣೆ ಮಾಡಿ, ‘ಲಾಕ್ ಆಸ್ಪತ್ರೆ’ಗಳಲ್ಲಿ ಕೂಡಿಹಾಕಲಾಗುತ್ತಿತ್ತು. ಸೋಂಕು ತಂದ ಗಂಡಸರಿಗೆ ಈ ಕಟ್ಟಳೆ ಇರಲಿಲ್ಲ. ಹೆದರಿದ ಹೆಂಗಸರು ತಪ್ಪಿಸಿಕೊಂಡು ತಿರುಗಿದರು. ರೋಗ ಇನ್ನಷ್ಟು ಗುಪ್ತವಾಯಿತು. 1888ರಲ್ಲಿ ಕಾಯ್ದೆ ರದ್ದಾಯಿತು.

ಪ್ರಯೋಗಾಲಯವಿಲ್ಲದ ಹಳ್ಳಿಯ ವೈದ್ಯರು ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ ಲಕ್ಷಣಗಳ ಗುಂಪನ್ನು ನೋಡಿ ಚಿಕಿತ್ಸೆ ಕೊಡುವ ಕ್ರಮವನ್ನು ರೂಪಿಸಿತು. ಜನನಾಂಗದಲ್ಲಿ ಹುಣ್ಣು ಅಥವಾ ಗುಳ್ಳೆ, ಕೀವು ಅಥವಾ ಅಸಹಜ ಸ್ರಾವ, ಉರಿಮೂತ್ರ, ತೊಡೆಸಂದಿನಲ್ಲಿ ಗಡ್ಡೆ, ವೃಷಣದ ಬಾವು, ಹೆಂಗಸರಲ್ಲಿ ಕಿಬ್ಬೊಟ್ಟೆಯ ನೋವು – ಇವು ಮುಖ್ಯ ಲಕ್ಷಣಗಳು. ಭಾರತದಲ್ಲಿ ಇವುಗಳಿಗೆ ಬೂದು, ಹಸಿರು, ಬಿಳಿ ಮುಂತಾಗಿ ಬಣ್ಣಬಣ್ಣದ 7 ಔಷಧಿ ಪೊಟ್ಟಣಗಳನ್ನು ಗೊತ್ತುಪಡಿಸಲಾಯಿತು.

ಆದರೆ ಲಕ್ಷಣವೇ ಇಲ್ಲದವರ ಗತಿ? ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. 3ರಿಂದ 6 ವಾರಗಳಲ್ಲಿ ತಾನೇ ಮಾಯುತ್ತದೆ. ರೋಗ ಮಾತ್ರ ಮೈಯಲ್ಲೇ ಉಳಿಯುತ್ತದೆ. ಕ್ಲಮೀಡಿಯ ತಗುಲಿದ ಬಹುಪಾಲು ಹೆಂಗಸರಿಗೆ ಯಾವ ತೊಂದರೆಯೂ ಕಾಣಿಸದು. ಮುಂದೆ ಅದು ಬಂಜೆತನಕ್ಕೆ ಕಾರಣವಾಗಬಹುದು. ಗರ್ಭಿಣಿಯ ಸಿಫಿಲಿಸ್‌ನಿಂದ ಮಗು ಹೊಟ್ಟೆಯಲ್ಲೇ ಸಾಯಬಹುದು. ಗರ್ಭಿಣಿಯರೆಲ್ಲರಿಗೂ ರಕ್ತಪರೀಕ್ಷೆ ಬೇಕೆನ್ನುವುದು ಇದಕ್ಕಾಗಿಯೇ.

ಲಾಕ್ ಆಸ್ಪತ್ರೆಯ ಬಲವಂತಕ್ಕೆ ಬದಲಾಗಿ ನಂಬಿಕೆಯ ದಾರಿಯನ್ನು 2000ದ ದಶಕದಲ್ಲಿ ಬೆಳಗಾವಿ ಸೇರಿದಂತೆ ರಾಜ್ಯದ 5 ಜಿಲ್ಲೆಗಳು ತೋರಿಸಿದವು. ಲೈಂಗಿಕ ವೃತ್ತಿಯ ಮಹಿಳೆಯರೇ ತಮ್ಮ ಜೊತೆಯವರಿಗೆ ತಿಳಿವಳಿಕೆ ನೀಡಿದರು. ಲಕ್ಷಣವಿರಲಿ, ಇಲ್ಲದಿರಲಿ, ನಿಯತ ತಪಾಸಣೆಗೆ ಕರೆತಂದರು. ಕಾಂಡೋಮ್ ಬಳಕೆಯೂ ಹೆಚ್ಚಿತು. ಎರಡು ಸುತ್ತಿನ ಸಮೀಕ್ಷೆಗಳ ನಡುವೆ ಆ ಮಹಿಳೆಯರಲ್ಲಿ ಸಕ್ರಿಯ ಸಿಫಿಲಿಸ್‌ನ ಪ್ರಮಾಣ ಸುಮಾರು ಶೇಕಡಾ 6ರಿಂದ 3.5ರ ಆಸುಪಾಸಿಗೆ ಇಳಿಯಿತು.

ಲಕ್ಷಣ ಕಂಡರೆ ಅಂಗಡಿಯಿಂದ ಮಾತ್ರೆ ತಂದು ನುಂಗದೆ ವೈದ್ಯರ ಬಳಿ ಹೋಗಬೇಕು. ಸಂಗಾತಿಗೂ ಚಿಕಿತ್ಸೆಯಾಗಬೇಕು. ಲಕ್ಷಣವಿಲ್ಲದಿದ್ದರೂ, ಸೋಂಕು ತಗುಲಿರುವ ಅನುಮಾನವಿದ್ದರೆ ಪರೀಕ್ಷೆ ಮಾಡಿಸಬೇಕು. ಪ್ರೌಢಶಾಲೆಯ ಜೀವಶಾಸ್ತ್ರದ ತರಗತಿಯಲ್ಲಿ ಶಿಕ್ಷಕರು ಈ ಮಾತನ್ನು ಸಂಕೋಚವಿಲ್ಲದೆ ಹೇಳಿದರೆ, ‘ಗುಪ್ತರೋಗ’ದ ಅರ್ಧ ಗುಟ್ಟು ಅಲ್ಲೇ ಒಡೆಯುತ್ತದೆ.