ಪಾಯಿಂಟ್ಸ್ (ರೈಲ್ವೆ)

ರೈಲುಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ವ್ಯವಸ್ಥೆ. ಇದರ ಮಹತ್ವವನ್ನೂ ಮಿತಿಯನ್ನೂ ಅರಿಯಲು ಸಾಂಗ್ಲಿ ಜಿಲ್ಲೆಯ ಮಿರಜ್ ಜಂಕ್ಷನ್ ತಕ್ಕ ಜಾಗ: ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರದ ಹಾದಿಗಳು ಇಲ್ಲಿ ಕೂಡುತ್ತವೆ. ಹಿಂದೆ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಇಲ್ಲಿದ್ದವು. ಹೀಗೆ ಹಳಿಗಳ ನಡುವಿನ ಅಂತರವೇ ಬೇರೆಯಾದಾಗ ಪಾಯಿಂಟ್ಸ್ ನೆರವಿಗೆ ಬಾರದು. ಆದ್ದರಿಂದ ಆಗ ಪುಣೆಯಿಂದ ಬೆಳಗಾವಿಗೆ ಹೊರಟವರು ಇಲ್ಲಿ ಗಾಡಿ ಬದಲಿಸಲೇಬೇಕಿತ್ತು.

ಪಾಯಿಂಟ್ಸಿನ ಜೀವಾಳ ತುದಿ ಚೂಪಾದ ಎರಡು ಟಂಗ್ ರೈಲುಗಳು. ಮೋಟಾರು ಎರಡನ್ನೂ ಒಟ್ಟಿಗೆ ಸರಿಸುತ್ತದೆ. ಒಂದು ಪಕ್ಕದ ಸ್ಥಿರ ಹಳಿಗೆ, ಅಂದರೆ ಸ್ಟಾಕ್ ರೈಲಿಗೆ, ಅಂಟಿಕೊಂಡರೆ ಇನ್ನೊಂದು ದೂರವಾಗುತ್ತದೆ. ಅಂಟಿಕೊಂಡ ಟಂಗ್ ರೈಲು ಸರಿಯಾಗಿ ಕೂತು ಲಾಕ್ ಆಗಿದೆಯೆಂದು ಖಾತ್ರಿಯಾಗದೆ ಪಾಯಿಂಟ್ಸನ್ನೂ ಸಿಗ್ನಲನ್ನೂ ಬೆಸೆಯುವ ಇಂಟರ್‌ಲಾಕಿಂಗ್ ವ್ಯವಸ್ಥೆ ಸಿಗ್ನಲ್ ಕೊಡುವುದಿಲ್ಲ. ಪ್ರಯಾಣಿಕರ ಪ್ರಾಣ ಕಾಯುವುದು ಈ ಕಟ್ಟುಪಾಡೇ.

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ 1:12 ಪಾಯಿಂಟ್ಸಿನಲ್ಲಿ (12 ಅಳತೆ ಮುಂದೆ ಹೋದಾಗ 1 ಅಳತೆ ಪಕ್ಕಕ್ಕೆ ಸರಿಯುವ ಓರೆ) ಕವಲಿಗೆ ತಿರುಗುವ ಗಾಡಿ ಗಂಟೆಗೆ 30ರಿಂದ 50 ಕಿ.ಮೀ. ವೇಗಕ್ಕೆ ಇಳಿಯಬೇಕು. ಫ್ರಾನ್ಸಿನ ಅತಿವೇಗದ ಮಾರ್ಗಗಳ 1:65 ಪಾಯಿಂಟ್ಸಿನಲ್ಲಿ ಕವಲಿನಲ್ಲೂ ಗಂಟೆಗೆ ಸುಮಾರು 220 ಕಿ.ಮೀ. ವೇಗ ಸಾಧ್ಯ. ಅಲ್ಲಿ ಟಂಗ್ ರೈಲು ಬಹಳ ಉದ್ದ. ಆದ್ದರಿಂದ ಅದನ್ನು ಹಲವು ಕಡೆ ಹಿಡಿದು ಸರಿಸುತ್ತಾರೆ. ಎರಡು ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗಿನ ಮೂತಿಯೂ ಚಲಿಸಿ ಹಳಿಯ ಸಂದನ್ನು ಮುಚ್ಚುತ್ತದೆ. ಸಾಮಾನ್ಯ ಕ್ರಾಸಿಂಗಿನಲ್ಲಿ ಆ ಸಂದು ತೆರೆದೇ ಇರುತ್ತದೆ. ಅಲ್ಲಿ ಚಕ್ರ ದಾರಿ ತಪ್ಪದಂತೆ ಎದುರು ಬದಿಯ ಚೆಕ್ ರೈಲು ತಡೆಯುತ್ತದೆ.