ಕಾತ್ರಜದ ಕೆರೆ, ಭೀಮೆಯ ನೀರು

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಸಾತಾರಾ, ಕೊಲ್ಹಾಪುರಗಳ ದಾರಿಯಾಗಿ ಊರಿಗೆ ಹೊರಟಾಗ ಕಾತ್ರಜವನ್ನು ಹಾದುಹೋಗುತ್ತೇವೆ. ಮೃಗಾಲಯದ ಮಗ್ಗುಲಲ್ಲಿರುವ ಕೆರೆಯನ್ನು ನಿಂತು ನೋಡುವವರು ನಮ್ಮಲ್ಲಿ ವಿರಳ.

ಕರಾವಳಿಯ ಹಿನ್ನೀರನ್ನು ಕಡಲೂ ಮರಳದಿಬ್ಬವೂ ಕೂಡಿ ರೂಪಿಸುತ್ತವೆ. ಅಳಿವೆ ಮುಚ್ಚಿದರೆ ಅದರ ಉಸಿರು ಕಟ್ಟುತ್ತದೆ. ಕಾತ್ರಜದ ಕೆರೆ ಮನುಷ್ಯನ ಕೈಕೆಲಸ. ಆದರೂ ನಿಯಮ ಒಂದೇ: ನೀರು ಬರುವ ದಾರಿಯೂ ಹೋಗುವ ದಾರಿಯೂ ತೆರೆದಿರಬೇಕು.

ಈ ನಿಯಮವನ್ನು ಹದಿನೆಂಟನೆಯ ಶತಮಾನದ ಶಿಲ್ಪಿಗಳು ಬಲ್ಲವರಾಗಿದ್ದರು. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, 1750ರ ಆಸುಪಾಸಿನಲ್ಲಿ, ಕಾತ್ರಜದ ಗುಡ್ಡಗಳಿಂದ ಇಳಿಯುವ ಆಂಬೀಲ ಓಢಾ ಎಂಬ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಎದ್ದಿತು. ಮೇಲಿನ ಕೆರೆಯಲ್ಲಿ ಹೂಳು ತಂಗುತ್ತಿತ್ತು. ತಿಳಿನೀರು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಅಲ್ಲಿಂದ ನೆಲದಡಿಯ ಕಾಲುವೆ ಸುಮಾರು 8 ಕಿಲೋಮೀಟರು ಸಾಗಿ ಶನಿವಾರವಾಡೆಯನ್ನೂ ಪೇಟೆಗಳ ಹೌದುಗಳನ್ನೂ ಮುಟ್ಟುತ್ತಿತ್ತು. ಯಂತ್ರವಿರಲಿಲ್ಲ, ನೆಲದ ಇಳಿಜಾರೇ ನೀರನ್ನು ನಡೆಸುತ್ತಿತ್ತು. ದಾರಿಯುದ್ದಕ್ಕೂ ಗಾಳಿ ಹೊರಬೀಳಲು, ಒಳಗಿಳಿದು ಶುಚಿಮಾಡಲು ನಿರ್ಮಿಸಿದ ಬಾಯಿಗಳಿಗೆ ಮರಾಠಿಯಲ್ಲಿ ‘ಉಚ್ಛ್ವಾಸ’ ಎಂದೇ ಹೆಸರು. ಕಾಲುವೆಗೂ ಉಸಿರುಂಟೆಂದು ಅವರು ಭಾವಿಸಿದ್ದರೇನೋ.

ಹತ್ತೊಂಬತ್ತನೆಯ ಶತಮಾನದಲ್ಲಿ ಖಡಕವಾಸಲಾ ಜಲಾಶಯ ಬಂದ ಮೇಲೆ ಊರಿನ ಬಾಯಾರಿಕೆ ಬೇರೆಡೆ ತಿರುಗಿತು. ಬೇಡವಾದ ಕಾಲುವೆಯನ್ನು ಕಟ್ಟಡಗಳು ಮುಚ್ಚಿದವು. ಹಳ್ಳದ ಪಾತ್ರ ಕಿರಿದಾಯಿತು. ಕೆರೆಗೆ ಕೊಳಚೆ ಸೇರಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಸುರಿದ ಮಳೆಗೆ ಆಂಬೀಲ ಓಢಾ ಉಕ್ಕಿ, ದಡದ ವಸತಿಗಳಲ್ಲಿ ಹಲವರ ಪ್ರಾಣ ಹೋಯಿತು. ಹಳ್ಳವು ತನ್ನ ಹಳೆಯ ಜಾಗವನ್ನು ಮರೆತಿರಲಿಲ್ಲ, ಮರೆತವರು ನಾವು.

ಇದು ಪರರ ಊರಿನ ಕಥೆಯೆಂದು ನಾವು ಸುಮ್ಮನಿರಲಾಗದು. ಈ ಹಳ್ಳ ಮುಠಾ ನದಿಯನ್ನು, ಮುಳಾ-ಮುಠಾ ಭೀಮೆಯನ್ನು ಕೂಡುತ್ತದೆ. ಅದೇ ಭೀಮೆ ಪಂಢರಪುರವನ್ನು ಬಳಸಿ, ಗಾಣಗಾಪುರದ ಸಂಗಮವನ್ನೂ ಸನ್ನತಿಯ ಬೌದ್ಧ ನೆಲೆಯನ್ನೂ ಹಾದು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯಾಗುತ್ತದೆ. ನಾವು ತವರನ್ನು ಬಿಟ್ಟು ಬಂದೆವೆಂದುಕೊಂಡಿದ್ದೇವೆ. ನಾವು ಬಳಸಿ ಚೆಲ್ಲಿದ ನೀರು ಮಾತ್ರ ನಮಗಿಂತ ಮೊದಲೇ ತವರನ್ನು ಸೇರುತ್ತಿದೆ. ಅದು ಅಲ್ಲಿಗೆ ಯಾವ ಸ್ಥಿತಿಯಲ್ಲಿ ತಲುಪಬೇಕೆಂಬುದು ಇಲ್ಲಿರುವ ನಮ್ಮ ಹೊಣೆಯೂ ಹೌದು.