ಕುಮ್ಕಿ: ಹಕ್ಕೋ, ಸವಲತ್ತೋ?

ಊದ್ ಮೇಥಾದಲ್ಲಿ ಬಾಡಿಗೆಗಿರುವ ನಮ್ಮ ಸದಸ್ಯ ಕುಟುಂಬಗಳಿಗೆಲ್ಲ ‘ಇಜಾರಿ’ ಎಂಬ ಶಬ್ದ ಚಿರಪರಿಚಿತ. 2010ರಿಂದ ದುಬಾಯಿಯ ಬಾಡಿಗೆ ಕರಾರುಗಳು ಈ ಹೆಸರಿನಲ್ಲೇ ನೋಂದಣಿಯಾಗುತ್ತಿವೆ. ಅರಬ್ಬಿಯಲ್ಲಿ ‘ನನ್ನ ಬಾಡಿಗೆ’ ಎಂದರ್ಥ. ನಮ್ಮ ಹಿರಿಯರ ‘ಇಜಾರೆ’ಯೂ ಇದೇ ಮೂಲದ್ದು. ದಕ್ಷಿಣ ಕನ್ನಡದ ಕಂದಾಯ ಲೆಕ್ಕದ ‘ಕದೀಂ ವರ್ಗ’ದಲ್ಲಿರುವ ಕದೀಂ ಸಹ ಅರಬ್ಬಿಯೇ, ಹಳೆಯದು ಎಂದರ್ಥ. ಈ ಕದೀಂ ವರ್ಗಕ್ಕೆ ಅಂಟಿಕೊಂಡು ಬಂದದ್ದು ಕುಮ್ಕಿ. ಊರಿನಲ್ಲಿ ಪಾಲುಪಟ್ಟಿಯ ಮಾತು ಬಂದಾಗ ನಮ್ಮಲ್ಲಿ ಹಲವರನ್ನು ತೊಡಕಿಗೆ ಸಿಕ್ಕಿಸುವುದು ಇದೇ ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಕುಮಕು ಎಂದರೆ ನೆರವು. ವರ್ಗಭೂಮಿಯ ಗಡಿಯಿಂದ 100 ಗಜದೊಳಗಿನ ಸರಕಾರಿ ಗುಡ್ಡದಿಂದ ಸೊಪ್ಪು, ತರಗೆಲೆ, ಹುಲ್ಲು, ಸೌದೆ ತರಲು ವರ್ಗದಾರನಿಗಿದ್ದ ಅನುಕೂಲವೇ ಕುಮ್ಕಿ. ಇದು ಯಾರದೋ ಔದಾರ್ಯದಿಂದ ಹುಟ್ಟಿದ್ದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕೆಂಪು ಮುರ ಮಣ್ಣಿನಲ್ಲಿ ಸಾರಜನಕವೂ ಪೊಟ್ಯಾಶೂ ತೊಳೆದುಹೋಗುತ್ತವೆ. ರಸಾಯನಶಾಸ್ತ್ರ ಓದಿದ ನಮಗೆ ಇದು ಪುಸ್ತಕದ ಮಾತು. ಹಟ್ಟಿಗೆ ಸೊಪ್ಪು ಹಾಸಿ ಗೊಬ್ಬರ ಮಾಡಿದ ಅಜ್ಜಂದಿರಿಗೆ ಅನುಭವದ ಮಾತು. ಗುಡ್ಡವಿಲ್ಲದೆ ಗದ್ದೆಯಿಲ್ಲ. ಹೀಗಾಗಿ ಅವರ ಕಣ್ಣಿಗೆ ಇವೆರಡೂ ಒಂದೇ ಆಸ್ತಿ. ಗಡಿ ಯಾವುದೆಂದು ಕೇಳಿದರೆ ಅಗಳನ್ನೋ ಹಳೆಯ ಮರವನ್ನೋ ತೋರಿಸಿಯಾರು, ನಕ್ಷೆಯನ್ನಲ್ಲ.

ಕಾನೂನಿನ ದೃಷ್ಟಿ ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆಗಳನ್ನೂ ಉತ್ತರ ಕನ್ನಡದ ಬೆಟ್ಟ, ಹಾಡಿಗಳನ್ನೂ ಹೆಸರಿಸಿ ಮುಂದುವರಿಸಿತು ನಿಜ, ಆದರೆ ಸವಲತ್ತು ಎಂದು. ಒಡೆತನ ಸರಕಾರದ್ದೇ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಭೂಮಿಯನ್ನೆಲ್ಲ ಸರಕಾರಕ್ಕೆ ಸೇರಿಸಿ, ಉಳುವವನಿಗೆ ಹಕ್ಕು ಕೊಡಲು ಹೊರಟಿತು. ಗೇಣಿ ಏರದೆ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಮೂಲಗೇಣಿದಾರನಿಗೆ ಮೊದಲೂ ಅಷ್ಟು ಭಯವಿರಲಿಲ್ಲ. ಧಣಿಗಳು ಎಬ್ಬಿಸಿದರೆ ಏಳಬೇಕಾಗಿದ್ದ ಚಾಲಗೇಣಿಯವನಿಗೆ ಇದು ಮರುಹುಟ್ಟು. ನಮೂನೆ 7ರ ಅರ್ಜಿಯನ್ನು ಊರವರು ಇಂದಿಗೂ ‘ಡಿಕ್ಲರೇಶನ್’ ಎನ್ನುತ್ತಾರೆ. ಗೇಣಿ ರಶೀದಿ ಇಲ್ಲದವನಿಗೆ ನೆರೆಹೊರೆಯವರ ಸಾಕ್ಷಿಯೇ ಆಧಾರ. ಧಣಿಗಳ ಮುಖ ನೋಡಿ ಡಿಕ್ಲರೇಶನ್ ಕೊಡದೆ ಉಳಿದವರೂ ಇದ್ದರು. ಗೇಣಿಯನ್ನೇ ನಂಬಿದ್ದ ವಿಧವೆಯರು ಭೂಮಿ ಕಳೆದುಕೊಂಡದ್ದೂ ಉಂಟು. ಆ ಕಾಯ್ದೆ ನ್ಯಾಯವೇ ಎಂದು ಕೇಳಿದರೆ ಒಟ್ಟಿನಲ್ಲಿ ಹೌದೆಂದೇ ನಮ್ಮ ಅಭಿಪ್ರಾಯ. ಆದರೆ ಗದ್ದೆ ಒಕ್ಕಲಿನ ಹೆಸರಿಗಾದ ಮೇಲೆ ಅದರ ಕುಮ್ಕಿ ಯಾರಿಗೆ? ಈ ಜಗಳ ಅನೇಕ ಕಡೆ ಕೋರ್ಟಿನ ಮೆಟ್ಟಲು ಹತ್ತಿತು.

ಅಷ್ಟರಲ್ಲಿ ಗುಡ್ಡದಲ್ಲಿ ಗೇರು, ರಬ್ಬರು ಎದ್ದಿದ್ದವು. ಅಂಥ ಸಾಗುವಳಿಗೆ ಹಕ್ಕುಪತ್ರ ಕೊಡುವ ಕ್ರಮಕ್ಕೆ ‘ಅಕ್ರಮ-ಸಕ್ರಮ’ ಎಂದು ಹೆಸರು ಬಿತ್ತು. ಅಜ್ಜನ ಕಾಲದಿಂದ ಸೊಪ್ಪು ಕಡಿದ ಗುಡ್ಡದಲ್ಲಿ ತಾನು ಅಕ್ರಮ ಮಾಡಿದೆನೆಂದು ಒಪ್ಪಲು ಯಾವ ಕೃಷಿಕನೂ ತಯಾರಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲೂ ಕುಮ್ಕಿಯುಂಟು. ಅಲ್ಲಿಯ ನಮ್ಮವರ ಅಹವಾಲೂ ಇದೇ.

ರಜೆಯಲ್ಲಿ ಊರಿಗೆ ಹೋಗುವವರು ಆರ್‌ಟಿಸಿಯನ್ನು ಕೈಯಲ್ಲಿ ಹಿಡಿದು, ತಿಳಿದ ಹಿರಿಯರೊಡನೆ ಒಮ್ಮೆ ಗುಡ್ಡ ಹತ್ತಿ ಬರುವುದು ಒಳ್ಳೆಯದು. ‘ನಮ್ಮ ಜಾಗ’ ಎಂದು ಅವರು ಬೆರಳು ತೋರಿಸುವಲ್ಲಿ ವರ್ಗವೆಷ್ಟು, ಕುಮ್ಕಿಯೆಷ್ಟು ಎಂಬುದನ್ನು ಪಾಲುಪಟ್ಟಿ ಬರೆಯುವ ಮೊದಲೇ ಕೇಳಿ ಗುರುತು ಹಾಕಿಕೊಳ್ಳಬೇಕು.